ಬಂಡ್ರಿ ಬಸ್ಸು ಮತ್ತು ಕೆಳಹೊಟ್ಟೆಯ ನೋವು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವಳು ನನ್ನ ದೊಡ್ಡವ್ವ. ಬಂಡ್ರಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಅಂಗಳ. ಓಣಿಯಲ್ಲಿ ಯಾರಿಗೆ ಹೊಟ್ಟೆ ನೋವು ಬಂದರೂ ಹೊಕ್ಕಳು ಸರಿದಿದೆ ಎಂದು ಎಣ್ಣೆ ಹಚ್ಚಿ ತಿಕ್ಕುವ ಕೈ ಅವಳದು. ನನಗೆ ಎಷ್ಟು ತಿಕ್ಕಿದರೂ ನೋವು ಮತ್ತೆ ಬರುತ್ತಿತ್ತು. ಅದು ಅವಳಿಗೆ ಅವಮಾನ.

"ಈಕಿದು ಕಾಲೇಜು ಹೊಟ್ಟಿನೋವು. ಬಿಡಿಸಿ ಮದುವಿ ಮಾಡ್ರಿ, ತಾನ ಹೋಗತೈತಿ," ಅಂದಳು.

ಎರಡನೇ ವರ್ಷ, ನೋವಿಗೆ ಕಾಲೇಜು ತಪ್ಪಿ ತಪ್ಪಿ, ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದ ಮೇಲೆ ಅಪ್ಪನೂ ಅವಳ ಮಾತಿಗೆ ತಲೆಯಾಡಿಸತೊಡಗಿದ. ಅವ್ವ ಮಾತ್ರ ನನ್ನನ್ನು ಹೊಸಪೇಟೆಯ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ದೊಡ್ಡವ್ವನೂ ಬಂದಳು, ತನ್ನ ಮಾತೇ ನಿಜವಾಗುವುದನ್ನು ಕೇಳಲು.

"ಮುಟ್ಟಿನ ನೋವೈತ್ರಿ," ಅಂದಳು ಅವ್ವ.

ಡಾಕ್ಟರ್ ನನ್ನನ್ನೇ ಕೇಳಿದರು. ಮುಟ್ಟಿನ ದಿನಗಳಲ್ಲಿ ಮಾತ್ರವೋ, ಬೇರೆ ದಿನವೂ ಬರುತ್ತದೋ? ಒಂದೇ ಮಗ್ಗುಲಲ್ಲೋ? ಮಲಬದ್ಧತೆ? ಮೂತ್ರ ಮಾಡುವಾಗ ಉರಿ? ಉರಿ ಇತ್ತು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಈ ವಯಸ್ಸಿನ ಹುಡುಗೇರಿಗೆ ಕೆಳಹೊಟ್ಟಿ ನೋಯಕ್ಕ ಕಾರಣ ಭಾಳ ಅದಾವ. ಮುಟ್ಟು ಒಂದ ಅಲ್ಲ. ಅಂಡಾಶಯದಾಗ ಗುಳ್ಳಿ ಇರಬಹುದು, ಅಪೆಂಡಿಕ್ಸ್ ಇರಬಹುದು, ಕರುಳಿಂದು ಇರಬಹುದು. ನೋಡದ ಹೇಳಕ್ಕಾಗಲ್ಲ," ಎಂದು ಸ್ಕ್ಯಾನಿಂಗಿಗೂ ಮೂತ್ರ ಪರೀಕ್ಷೆಗೂ ಕಳಿಸಿದರು.

ಸ್ಕ್ಯಾನಿಂಗಿನಲ್ಲಿ ಏನೂ ಇರಲಿಲ್ಲ. ಮೂತ್ರದಲ್ಲಿ ಸೋಂಕಿತ್ತು.

"ನೀರು ಎಷ್ಟು ಕುಡೀತಿ?"

"ಸಂಜೀಗೆ ಮನೀಗೆ ಹೋದಮ್ಯಾಲ ಕುಡೀತೀನ್ರಿ."

ಬಂಡ್ರಿಯಿಂದ ಹೊಸಪೇಟೆಯ ಕಾಲೇಜಿಗೆ ಹೋಗುವ ನಮ್ಮ ಬಸ್ಸಿನ ಹುಡುಗಿಯರೆಲ್ಲ ಹಾಗೇ. ನಮ್ಮ ಕಡೆಯ ಗಣಿಗಳಿಂದ ಚೀನಾಕ್ಕೆ ಕಬ್ಬಿಣದ ಅದಿರು ಹೋಗುತ್ತಿದ್ದ ವರ್ಷಗಳು ಅವು. ಲಾರಿಗಳ ಹಿಂದೆ ಬಸ್ಸು ಯಶವಂತನಗರದಲ್ಲೋ ಸಂಡೂರಿನಾಚೆಯೋ ನಿಂತರೆ ಯಾವಾಗ ಹೊರಡುತ್ತದೋ ಗೊತ್ತಿಲ್ಲ. ಗಂಡಸರು ಇಳಿದು ಪೊದೆಯ ಕಡೆ ಹೋಗುತ್ತಿದ್ದರು. ನಾವು ಕೆಂಪು ದೂಳಿಗೆ ಮುಖಕ್ಕೆ ದುಪಟ್ಟಾ ಕಟ್ಟಿಕೊಂಡು ಬಿಗಿಹಿಡಿದು ಕೂರುತ್ತಿದ್ದೆವು. ಕಾಲೇಜಿನಲ್ಲಿ ಹುಡುಗಿಯರ ಶೌಚಾಲಯಕ್ಕೆ ಬೀಗ. ಕೀ ಗಂಡಸು ಅಟೆಂಡರ್ ಹತ್ತಿರ, ಕೇಳಲು ನಾಚಿಕೆ. ಅದಕ್ಕೇ ಬೆಳಿಗ್ಗೆಯಿಂದ ನೀರು ಮುಟ್ಟುತ್ತಿರಲಿಲ್ಲ. ಅದನ್ನು ಜಾಣತನ ಅಂದುಕೊಂಡಿದ್ದೆವು. ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ.

"ಮದುವಿ ಮಾಡಿದ್ರ ಹೋಗತೈತಲ್ರಿ?" ದೊಡ್ಡವ್ವ ಬಿಡಲಿಲ್ಲ.

"ಮದುವಿ ಗುಳಿಗಿ ಅಲ್ಲಮ್ಮ. ನೀರು ಕುಡಿಸ್ರಿ, ತಡಕೊಂಡು ಕುಂದ್ರೋದು ಬಿಡಿಸ್ರಿ."

ಕೊಟ್ಟ ಗುಳಿಗೆ ಪೂರ್ತಿ ನುಂಗಿದೆ. ಬ್ಯಾಗಿಗೆ ನೀರಿನ ಬಾಟಲಿ ಬಂತು. ಡಾಕ್ಟರ ಚೀಟಿ ನೋಡಿ ಕಾಲೇಜಿನವರು ಪರೀಕ್ಷೆಗೂ ಕೂರಿಸಿದರು. ಆಮೇಲೆ ಐದಾರು ಹುಡುಗಿಯರು ಸೇರಿ ಪ್ರಿನ್ಸಿಪಾಲರ ಮುಂದೆ ನಿಂತೆವು. ಉಳಿದವರು ನೆಲ ನೋಡುತ್ತಿದ್ದರು, ನಾನೇ ಅಂದೆ: "ಸರ್, ಪಾಯಖಾನಿ ಕೀ ನಮ್ ಕೈಯಾಗ ಕೊಡ್ರಿ." ಕೊಟ್ಟರು. ನೋವು ಇನ್ನೊಮ್ಮೆ ಬಂದು ಹೋಯಿತು, ಆದರೆ ಕಾಲೇಜು ತಪ್ಪಲಿಲ್ಲ.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಹೆಮ್ಮೆಯಿಂದಲೇ ಹೇಳುತ್ತೇನೆ. ಸರ್ಟಿಫಿಕೇಟನ್ನು ದೊಡ್ಡವ್ವನ ಕೈಗೇ ಕೊಟ್ಟೆ. ಓದು ಬಾರದವಳು, ಎಣ್ಣೆ ಕೈ ಸೀರೆಗೆ ಒರೆಸಿಕೊಂಡು ಹಿಡಿದಳು.

"ಇದ್ರಾಗ ಹೊಟ್ಟಿನೋವಿಂದು ಬರದಾರೇನು?"

"ಇಲ್ಲ ದೊಡ್ಡವ್ವ."

"ಬರೀಬೇಕಿತ್ತು," ಅಂದಳು. "ಅದನ್ನೂ ನೀನ ಪಾಸ್ ಮಾಡೀಯಲ್ಲ."