ನನ್ನ ತಮ್ಮನೂ ಒಂದು ಸಾಧು ವೈರಸ್ಸೂ

ನನ್ನ ತಮ್ಮ ವಿಜಯೇಂದ್ರನಂಥ ಪುಕ್ಕಲ ಇಡೀ ಶಿವಮೊಗ್ಗದಲ್ಲಿ ಹುಡುಕಿದರೂ ಸಿಗುವುದಿಲ್ಲ. ನಮ್ಮಿಬ್ಬರಿಗೂ ಹುಟ್ಟಿನಿಂದ ಹಿಮೋಫಿಲಿಯಾ. ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಮೊಣಕಾಲಿಗೆ ಪೆಟ್ಟು ಬಿದ್ದರೆ ಒಳಗೊಳಗೇ ಸೋರಿ ಕುಂಬಳಕಾಯಿಯ ಹಾಗೆ ಊದುತ್ತದೆ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಎಂಬ ಅಂಶದ ಇಂಜೆಕ್ಷನ್ ಚುಚ್ಚಿಕೊಳ್ಳಲೇಬೇಕು. ಆದರೂ ನಾನು ಅವ್ವನ ಕಣ್ಣು ತಪ್ಪಿಸಿ ಬೀದಿ ಸುತ್ತಿದೆ, ತುಂಗೆಯಲ್ಲಿ ಈಜಿದೆ, ಊರಿಗೆ ಬಂದ ನೆಗಡಿ ಜ್ವರಗಳನ್ನೆಲ್ಲ ಅನುಭವಿಸಿದೆ. ವಿಜಿಗಾಗಿ ಅವ್ವ ಟೇಬಲ್ಲಿನ ಮೂಲೆಗಳಿಗೆ ಸ್ಪಂಜು ಕಟ್ಟಿದ್ದಳು. ಮೂವತ್ತು ದಾಟಿದರೂ ಮಹಾಶಯ ಅದನ್ನು ಬಿಚ್ಚಲು ಬಿಡಲಿಲ್ಲ. ಹೊಸಮನೆ ಬಡಾವಣೆಯ ನಮ್ಮ ಮನೆಯ ನಡುಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳುತ್ತ ಕೂತುಬಿಟ್ಟ.

ದೂರದ ಆಸ್ಪತ್ರೆಯೊಂದರಲ್ಲಿ ಹೊಸ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆಯೆಂದು ತಿಳಿದು ಇಬ್ಬರೂ ಹೋದೆವು. ಅಲ್ಲಿನ ಡಾಕ್ಟರು ಸುಮನಾ ನಮ್ಮ ಕಡೆಯವರೇ. “ಇದೊಂದು ಸಾಧು ವೈರಸ್ಸು,” ಎಂದರು. “ಅದರೊಳಗಿನ ಸರಕೆಲ್ಲ ತೆಗೆದು, ನಿಮ್ಮಲ್ಲಿ ಕೆಟ್ಟಿರೋ ಜೀನಿನ ಸರಿಯಾದ ಪ್ರತಿ ತುಂಬ್ತೀವಿ. ವೈರಸ್ಸು ಆ ಪ್ರತೀನ ಲಿವರಿನ ಜೀವಕೋಶಕ್ಕೆ ಮುಟ್ಟಿಸುತ್ತೆ. ಆ ಕೋಶಗಳು ಪದೇ ಪದೇ ಒಡೆದು ಎರಡಾಗಲ್ಲ. ಹಾಗಾಗಿ ಜೀನು ವರ್ಷಗಟ್ಟಲೆ ಅಲ್ಲೇ ಇದ್ದು ನಿಮಗೆ ಬೇಕಾದ ಫ್ಯಾಕ್ಟರ್ ತಯಾರಿಸುತ್ತೆ ಅನ್ನೋ ಭರವಸೆ. ಆದ್ರೆ ಈ ವೈರಸ್ಸು ನಿಮಗೆ ಮೊದ್ಲೇ ಬಂದುಹೋಗಿದ್ರೆ ನಿಮ್ಮ ಮೈ ಅದನ್ನ ಒಳಗೇ ಬಿಡಲ್ಲ.”

ಇಬ್ಬರ ರಕ್ತವನ್ನೂ ಪರೀಕ್ಷಿಸಿದರು. “ಪ್ರಸನ್ನಕುಮಾರ್, ನಿಮಗೆ ಬಂದುಹೋಗಿದೆ. ಕೊಡಕ್ಕಾಗಲ್ಲ,” ಎಂದರು. ವಿಜಿಗೆ ಬಂದಿರಲಿಲ್ಲ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

“ನಿನಗಿಲ್ಲ ಅಂದ್ರೆ ನನಗೂ ಬೇಡಣ್ಣ,” ಎಂದ ಅವನು.

“ಬಾಯಿ ಮುಚ್ಕೊಂಡು ಕೈ ಚಾಚೋ ಮಾರಾಯ!” ಎಂದು ಗದರಿದೆ.

ವಿಜಿಗೆ ಒಂದೇ ಒಂದು ಸಲ ಆ ವೈರಸ್ಸಿನ ಡ್ರಿಪ್ ಹಾಕಿದರು. ಕೆಲವು ತಿಂಗಳಲ್ಲಿ ರಿಪೋರ್ಟು ಚೆನ್ನಾಗಿ ಬಂತು, ಓಡಾಡಿಕೊಂಡಿರಿ ಎಂದರು. ಇವನೋ, ಹೊಸಿಲು ದಾಟಲಿಲ್ಲ! ನನಗೆ ಸಿಗದೇ ಹೋದದ್ದು ಅವನಿಗೆ ಸಿಕ್ಕಿತ್ತು. ಅದನ್ನು ನಡುಮನೆಯಲ್ಲಿ ಕೂತೇ ಕಳೆದುಬಿಡುತ್ತಾನಲ್ಲ ಎಂದು ಸಿಕ್ಕಾಗಲೆಲ್ಲ ಅವನನ್ನು ಗದರುತ್ತಿದ್ದೆ.

ಹೋದ ತಿಂಗಳು ಬೆಳಿಗ್ಗೆ, ಭದ್ರಾವತಿಯ ನ್ಯೂಟೌನಿನಲ್ಲಿರುವ ನನ್ನ ಮಿಕ್ಸಿ ರಿಪೇರಿ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದೆ. ಮೊಣಕಾಲು ಊದತೊಡಗಿತು. ಇಂಜೆಕ್ಷನ್ ಇದ್ದದ್ದು ಹೊಸಮನೆಯ ಫ್ರಿಜ್ಜಿನಲ್ಲಿ. ಫೋನ್ ಮಾಡಿದೆ, ಅವ್ವ ಆಟೋ ಹಿಡಿದು ಬಂದಾಳು ಎಂದುಕೊಂಡರೆ, ಬಂದವನು ವಿಜಿ. ಅದೂ ಪಕ್ಕದ ಮನೆಯ ಸ್ಕೂಟಿಯಲ್ಲಿ, ಒಬ್ಬನೇ! ನನಗೆ ಹೇಳದೆ ಓಣಿಯೊಳಗೆ ಕಲಿತಿದ್ದನಂತೆ.

ಅವನೇ ಚುಚ್ಚಿದ, ಐಸ್ ಇಟ್ಟ. ನೋವು ಹತೋಟಿಗೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಆಗ ನೋಡುತ್ತೇನೆ, ಅವನ ಪ್ಯಾಂಟು ಮೊಣಕಾಲಿನ ಹತ್ತಿರ ಹರಿದಿದೆ.

“ಏನೋ ಇದು?”

“ಬೆಳಿಗ್ಗೆ ಬರ್ತಾ ರೋಡಲ್ಲಿ ಬಿದ್ದೆ ಅಣ್ಣ. ಜೋರಾಗೇ ಬಿದ್ದೆ.”

ಪ್ಯಾಂಟು ಮೇಲೆತ್ತಿ ನೋಡಿದೆ. ತರಚಿತ್ತು, ಕೆಂಪಗಾಗಿತ್ತು. ಊದಿರಲಿಲ್ಲ. ನಂಬಿಕೆಯಾಗದೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ.

“ಒತ್ಬೇಡಣ್ಣ, ನೋಯುತ್ತೆ!” ಎಂದ, ನಗುತ್ತಲೇ.

ಬಿದ್ದವರಿಗೆಲ್ಲ ಆಗುವ ಮಾಮೂಲಿ ನೋವು, ಅಷ್ಟೇ. ಅವನ ಕಾಲು ಹಿಡಿದುಕೊಂಡು ನಾನು ಗಳಗಳನೆ ಅತ್ತುಬಿಟ್ಟೆ.