ಬಾನೆಟ್ ಮೇಲೆ ಸಂಡಿಗೆ

ಗೆಳೆಯರೇ, ತುಕ್ಕು ತಿಂದ ನನ್ನ ಹಳೆಯ ಕಾಂಟೆಸ್ಸಾ ಕಾರಿನ ಬಾನೆಟ್‌ಗೆ ಹೊಡೆದ ಕೆಂಪು ಬಣ್ಣ ಇಂದು ಒಣಗಿತು. ಅಷ್ಟರಲ್ಲಿ ಪಕ್ಕದ ಮನೆಯ ಶಾಂತಕ್ಕ ಎಂದಿನಂತೆ ಸಂಡಿಗೆ ಹಿಟ್ಟು ಹಿಡಿದು ಬಂದರು. ಬಾನೆಟ್ ಮೇಲೆ ಸಂಡಿಗೆ ಇಟ್ಟು, ಕಾಗೆ ಓಡಿಸುತ್ತಾ, ನನ್ನ ಜೊತೆ ಹರಟುತ್ತಾ ಕೂರುವುದು ಅವರ ರೂಢಿ. ಶಾಲೆಯ ಕೆಲಸ ಬಿಟ್ಟ ಮೇಲೆ ನನ್ನನ್ನು ಮಾತಾಡಿಸುವವರು ಅವರೊಬ್ಬರೇ.

"ತಮ್ಮಾ, ಹಳೇ ಸೀರಿ ಹಾಸಿ ಇಡ್ಲೇನು?"

"ಬ್ಯಾಡ ಅಕ್ಕಾ, ಗೀರು ಬೀಳ್ತಾವ."

ಬಣ್ಣ ಇನ್ನೂ ಹಸಿಯಾಗಿದೆ ಎಂದಿದ್ದರೆ ನಾಳೆಯಾದರೂ ಬರುತ್ತಿದ್ದರು. ಸುಳ್ಳು ಬಾಯಿಗೆ ಬರಲಿಲ್ಲ.

"ಗಾಡಿಗೆ ಜಂಗ್ ಹಿಡದಾಗ ನಾ ಬೇಕಿತ್ತು. ಈಗ ಭಾಳ ಸಾಹೇಬ ಆಗೀದಿ!" ಎಂದು ಹೊರಟೇಹೋದರು.

ಈಗ ಬಾನೆಟ್ ಎಷ್ಟು ಹೊಳೆಯುತ್ತಿದೆಯೆಂದರೆ ಅದರಲ್ಲಿ ಮುಖ ಕಾಣುತ್ತದೆ. ನನ್ನದೊಂದೇ.