ಇಪ್ಪತ್ನಾಲ್ಕು ಗಂಟೆಯನ್ನು ಒಪ್ಪಿದ ಗಡಿಯಾರ

ತಪ್ಪು ವೇಳೆಯನ್ನು ತಡೆಯುವ, ಪ್ರೋಗ್ರಾಮಿನ ಆ ಸಾಲನ್ನು ನಾನು ಬರೆದಿದ್ದೆನೋ ಇಲ್ಲವೋ, ಬಹಳ ಕಾಲ ಖಚಿತವಿರಲಿಲ್ಲ. ಬರೆದಿದ್ದೆ, ಯಜಮಾನ ತೆಗೆಸಿದ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಹೇಳಿ ಹೇಳಿ ಅದು ನೆನಪಿನ ಹಾಗೇ ಕಾಣತೊಡಗಿತ್ತು.

ಎಂಬತ್ತರ ದಶಕದ ಕೊನೆ. ಎಂಜಿನಿಯರಿಂಗ್ ಪದವಿ ಹಿಡಿದು ರಾಯಚೂರಿನ ಸಣ್ಣ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದೆ. ಮಾನ್ವಿಯ ಹತ್ತಿ ಮಿಲ್ಲಿಗೆ ಹಾಜರಿಯ ವೇಳೆ ಮುದ್ರಿಸುವ ಯಂತ್ರ ಮಾಡಿಕೊಟ್ಟೆವು. ಅದರ ಗಡಿಯಾರದ ಚಿಪ್‌ಗೆ ವೇಳೆ ತುಂಬುವ ಪ್ರೋಗ್ರಾಂ ನನ್ನದು. ಚಿಪ್ ಏನು ಕೊಟ್ಟರೂ ನುಂಗುತ್ತಿತ್ತು. ಬೇಡವೆನ್ನಬೇಕಾದದ್ದು ಪ್ರೋಗ್ರಾಮೇ. ಆದರೆ ವರ್ಕ್‌ಶಾಪಿನ ಯಜಮಾನ, "ಮೆಮೊರಿದಾಗ ಜಾಗ ಇಲ್ಲ, ಆ ತಪಾಸಣಿ ಕಿತ್ತು ಹಾಕ್ರಿ" ಎಂದ. ಎಂದನೆಂದು ನನ್ನ ನೆನಪು.

ಮಿಲ್ಲಿನ ಹಾಜರಿ ನೋಡುತ್ತಿದ್ದವರು ರೈಲ್ವೆಯಿಂದ ನಿವೃತ್ತರಾದ ಒಬ್ಬ ಮುಸ್ಲಿಂ ಹಿರಿಯರು. ಹೋದ ಕರೆಂಟು ಸರಿಯಾಗಿ ಹನ್ನೆರಡಕ್ಕೆ ಬಂದ ಒಂದು ರಾತ್ರಿ ಅವರು ನಿಂತಿದ್ದ ಗಡಿಯಾರಕ್ಕೆ 24.00 ಒತ್ತಿದ್ದರು. ನಡುರಾತ್ರಿ ಬರುವ ಗಾಡಿಗೆ ರೈಲ್ವೆಯವರು ಹಾಗೇ ಬರೆಯುತ್ತಾರೆ. ಗಡಿಯಾರ ಸೊನ್ನೆಗೆ ತಿರುಗದೆ ಇಪ್ಪತ್ತೈದು, ಇಪ್ಪತ್ತಾರು ಎಂದು ಓಡಿತು. ತಾರೀಖು ಬದಲಾಗಲಿಲ್ಲ. ಬೆಳಿಗ್ಗೆ ಏಳಕ್ಕೆ ಬಂದ ಹೆಂಗಸರ ಚೀಟಿಯಲ್ಲಿ ಮೂವತ್ತೊಂದು ಗಂಟೆ.

"ಮೂವತ್ತೊಂದು ಆತಂತ, ನಡಿಯವ್ವಾ ಮನಿಗಿ!" ಎಂದು ಒಬ್ಬಳು ನಕ್ಕಳು.

ಮಿಲ್ಲಿನ ಸಾವ್ಕಾರ ನಗಲಿಲ್ಲ. ರಾಯಚೂರಿನಿಂದ ನನ್ನನ್ನು ಕರೆಸಿ, ಎಲ್ಲರ ಮುಂದೆ ಕೇಳಿದ: "ಎಂಜಿನಿಯರ್ ಸಾಹೇಬ್ರ, ತಪ್ಪು ಮಷೀನಿಂದೋ, ಈ ಮುದುಕಂದೋ? ಕುಡದು ಒತ್ಯಾನೇನು?"

"ಮಷೀನು ಕೊಟ್ಟದ್ದನ್ನ ತಗೋತದ" ಎಂದೆ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಈಗಲೂ ನಾಚಿಕೆಯಾಗುತ್ತದೆ.

ಹಿರಿಯರು ಸಾವ್ಕಾರನ ಕಡೆ ನೋಡಲೇ ಇಲ್ಲ, ನನ್ನನ್ನೇ ಕೇಳಿದರು: "ಸಾಬ್, ನಾನು ಟೇಶನ್‌ದಾಗ ಇದ್ದಾಗ ಮುಂದಿನ ಟೇಶನ್‌ಗೆ ಟೈಮ್ ಹೇಳಿದ್ರ ಅಲ್ಲಿನವ ತಿರುಗಿ ಹೇಳ್ತಿದ್ದ. ತಪ್ಪಿದ್ರ ಒಲ್ಲೆ ಅಂತಿದ್ದ. ನಿಮ್ಮ ಮಷೀನಿಗೆ ಒಲ್ಲೆ ಅನ್ನಾಕ ಯಾಕ ಕಲಿಸಿಲ್ರಿ?"

"ಪಾಠ ಹೇಳಾಕತ್ತೀಯೇನ್ಲೇ?" ಎಂದ ಸಾವ್ಕಾರ. ವಯಸ್ಸಿಗೂ ಮರ್ಯಾದೆ ಕೊಡಲಿಲ್ಲ. ಅಂದೇ ಅವರನ್ನು ಕೆಲಸದಿಂದ ತೆಗೆದ. ನಾನು ರಾಯಚೂರಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯಜಮಾನನನ್ನು ಮನಸ್ಸಿನಲ್ಲೇ ಬೈದೆ. ಮುಂದೆ ಬಹಳ ವರ್ಷ ಬೈದೆ. ಹಾಗೆ ಬೈಯುವುದು ಎಷ್ಟು ಸುಖವಾಗಿತ್ತು ಎಂಬುದೇ ನನಗೆ ಅನುಮಾನ ತರಬೇಕಿತ್ತು.

ವರ್ಕ್‌ಶಾಪು ಮುಚ್ಚಿದಾಗ ಮಿಲ್ಲು ಹಿಂದಿರುಗಿಸಿದ್ದ ಆ ಯಂತ್ರ ನನ್ನ ಕೈಗೆ ಬಂತು. ಪ್ರೋಗ್ರಾಮಿನ ಚಿಪ್ ಬಿಚ್ಚಿ ಓದಿಸಿದೆ. ಜಾಗ ಸಾಕಷ್ಟು ಖಾಲಿ ಉಳಿದಿತ್ತು. ತಪಾಸಣೆಯ ಸಾಲೂ ಅಲ್ಲೇ ಇತ್ತು, ಯಾರೂ ಕಿತ್ತಿರಲಿಲ್ಲ. ಗಂಟೆ ಇಪ್ಪತ್ಮೂರನ್ನು ದಾಟಿದರೆ ತಡೆ ಎಂದು ಬರೆಯಬೇಕಾದಲ್ಲಿ, ಇಪ್ಪತ್ನಾಲ್ಕನ್ನು ದಾಟಿದರೆ ತಡೆ ಎಂದು ನಾನು ಬರೆದಿದ್ದೆ.